ಕಲಿಸಿ ಎಂದು ಕೇಳಿ

ಎಚ್‌ಐವಿ ಮತ್ತು ಕ್ಷಯ ಎರಡೂ ಇರುವ ರೋಗಿಯೊಬ್ಬ ವಾರ್ಡಿನಿಂದ ಮನೆಗೆ ಹೊರಟಿದ್ದಾನೆ ಎಂದುಕೊಳ್ಳಿ. ಡಿಸ್ಚಾರ್ಜ್ ಚೀಟಿ ಕೈಗೆ ಬಂದಿದೆ, ಮಾತ್ರೆಗಳು ಚೀಲ ಸೇರಿವೆ, ಊರಿನ ಬಸ್ಸಿಗೆ ಇನ್ನು ಅರ್ಧ ಗಂಟೆ ಇದೆ. ಅವನ ಕ್ಷಯದ ಔಷಧಿಯಲ್ಲಿ ರಿಫಾಂಪಿಸಿನ್ ಇದೆ, ಎಚ್‌ಐವಿ ಮಾತ್ರೆಯಲ್ಲಿ ಡೊಲುಟೆಗ್ರಾವಿರ್ ಇದೆ. ರಿಫಾಂಪಿಸಿನ್ ಯಕೃತ್ತನ್ನು ಚುರುಕುಗೊಳಿಸಿ ಡೊಲುಟೆಗ್ರಾವಿರ್ ರಕ್ತದಲ್ಲಿ ನಿಲ್ಲದಂತೆ ಮಾಡುತ್ತದೆ. ಹೀಗಾಗಿ ಇಂಥವರಿಗೆ ದಿನಕ್ಕೊಂದು ಮಾತ್ರೆ ಸಾಲದು. ಹನ್ನೆರಡು ಗಂಟೆ ಬಿಟ್ಟು 50 ಮಿಲಿಗ್ರಾಂ ಡೊಲುಟೆಗ್ರಾವಿರ್ ಇನ್ನೊಮ್ಮೆ ಬೇಕು. ಕ್ಷಯದ ಔಷಧಿ ಮುಗಿದ ಮೇಲೂ ಎರಡು ವಾರ ಅದನ್ನು ಬಿಡುವಂತಿಲ್ಲ. ಚೀಟಿ ಬರೆದದ್ದು ವೈದ್ಯರು, ನಿಜ. ಆದರೆ ಆ ಎರಡನೆಯ ಮಾತ್ರೆ ಏಕೆ, ಯಾವ ಹೊತ್ತಿಗೆ, ಮರೆತರೆ ಏನಾದೀತು ಎಂದು ಅವನಿಗೆ ತಿಳಿಯುವ ಮಾತಿನಲ್ಲಿ ಹೇಳಿ, ಅವನ ಬಾಯಿಂದಲೇ ಮರಳಿ ಹೇಳಿಸಿ ಬಸ್ಸಿಗೆ ಕಳಿಸುವವರು ಯಾರು? ಚೀಟಿಯಲ್ಲಿ ಅದು ಬಿಟ್ಟೇ ಹೋಗಿದ್ದರೆ ಗಮನಿಸುವವರು ಯಾರು?

ನೀವು. ನರ್ಸಿಂಗ್ ಓದುತ್ತಿರುವ ನೀವು, ಪಿಯುಸಿ ಮುಗಿಸಿ ಓದಬೇಕೆಂದಿರುವ ನೀವು. ಬಿ.ಎಸ್ಸಿ.ಯ ನಾಲ್ಕು ವರ್ಷವೋ ಜಿಎನ್‌ಎಂನ ಮೂರು ವರ್ಷವೋ ಮುಗಿಸಿ ವಾರ್ಡಿಗೆ ಬಂದಾಗ, ರೋಗಿಯ ಹತ್ತಿರ ಎಲ್ಲರಿಗಿಂತ ಹೆಚ್ಚು ಹೊತ್ತು ನಿಲ್ಲುವವರು ನೀವೇ. ಅದಕ್ಕೇ ನಿಮ್ಮನ್ನೇ ಕರೆದು ಹೇಳುತ್ತಿದ್ದೇನೆ: ಈ ಎರಡು ರೋಗಗಳನ್ನು ಬೇರುಮಟ್ಟ ಕಲಿಯಿರಿ. ಕಲಿಸುವವರಿಲ್ಲದಿದ್ದರೆ ಕಲಿಸಿ ಎಂದು ಕೇಳಿ. ಒಮ್ಮೆ ಕೇಳಿ ಸುಮ್ಮನಾಗಬೇಡಿ.

ಇದು ದೂರದ ಯಾವುದೋ ಖಂಡದ ಕಷ್ಟವಲ್ಲ. ಜಗತ್ತಿನಲ್ಲಿ ಕ್ಷಯಕ್ಕೆ ತುತ್ತಾಗುವ ನಾಲ್ವರಲ್ಲಿ ಹೆಚ್ಚುಕಡಿಮೆ ಒಬ್ಬರು ನಮ್ಮ ದೇಶದವರು. ಎಚ್‌ಐವಿಯೊಂದಿಗೆ ಬದುಕುತ್ತಿರುವವರು ದೇಶದಲ್ಲಿ ಸುಮಾರು 25 ಲಕ್ಷ, ಕರ್ನಾಟಕದಲ್ಲೇ ಎರಡೂವರೆ ಲಕ್ಷಕ್ಕೂ ಹೆಚ್ಚು. ಅವರನ್ನು ಕೊಲ್ಲುವ ರೋಗಗಳಲ್ಲಿ ಕ್ಷಯವೇ ಮುಂದೆ. ಔಷಧಿಯೇ ಸಿಗದ ಕಾಲವೊಂದಿತ್ತು. 2004ರ ಏಪ್ರಿಲ್‌ನಿಂದ ಸರ್ಕಾರ ಎಚ್‌ಐವಿಯನ್ನು ಹತೋಟಿಯಲ್ಲಿಡುವ ಎಆರ್‌ಟಿ ಔಷಧಿಯನ್ನು ಉಚಿತವಾಗಿ ಕೊಡುತ್ತಿದೆ. 2017ರಿಂದ ಸಿಡಿ4 (ರೋಗನಿರೋಧಕ ಕಣ) ಎಣಿಕೆಗೆ ಕಾಯದೆ, ಎಚ್‌ಐವಿ ಖಚಿತವಾದ ಎಲ್ಲರಿಗೂ ಚಿಕಿತ್ಸೆ ಆರಂಭಿಸುವ ನೀತಿ ಇದೆ. ಕಫದಲ್ಲಿ ಕ್ಷಯದ ಗುರುತನ್ನೂ ರಿಫಾಂಪಿಸಿನ್ ಪ್ರತಿರೋಧವನ್ನೂ ಗಂಟೆಗಳಲ್ಲಿ ಹಿಡಿಯುವ ಟ್ರೂನ್ಯಾಟ್ ಯಂತ್ರ ಹುಟ್ಟಿದ್ದು ನಮ್ಮ ಬೆಂಗಳೂರಿನ ಪ್ರಯೋಗಾಲಯದಲ್ಲಿ. ಪರೀಕ್ಷೆ ಇದೆ, ಮಾತ್ರೆ ಇದೆ. ಇವನ್ನು ರೋಗಿಯವರೆಗೆ ಮುಟ್ಟಿಸಿ, ಆರು ತಿಂಗಳಾಗಲಿ ಬದುಕಿಡೀ ಆಗಲಿ ಅವರ ಕೈಬಿಡದೆ ನಡೆಸುವ, ಚೆನ್ನಾಗಿ ಕಲಿತ ಕೈಗಳು ಇನ್ನೂ ಬೇಕು.

ಚೆನ್ನಾಗಿ ಕಲಿತ ಕೈ ಎಷ್ಟು ಮಾಡಬಲ್ಲದು ಎಂಬುದಕ್ಕೆ ದಕ್ಷಿಣ ಆಫ್ರಿಕಾದ ಫ್ರೀ ಸ್ಟೇಟ್ ಪ್ರಾಂತ್ಯವನ್ನು ನೋಡಿ. ಅಲ್ಲಿನ ಊರ ಚಿಕಿತ್ಸಾಲಯಗಳನ್ನು ನಡೆಸುವವರು ನರ್ಸುಗಳು. ವೈದ್ಯರು ವಿರಳ, ಎಚ್‌ಐವಿ ಮತ್ತು ಕ್ಷಯ ಮನೆಮನೆಯಲ್ಲೂ. ಕೆಮ್ಮುತ್ತ ಬಂದವರಲ್ಲಿ ಯಾರಿಗೆ ಕ್ಷಯ, ಯಾರಿಗೆ ಆಸ್ತಮಾ, ಯಾರಿಗೆ ಬರೀ ನೆಗಡಿ ಎಂದು ಬೇರ್ಪಡಿಸುವುದು ಒಬ್ಬ ನರ್ಸಿನ ತಲೆಯ ಮೇಲೆ. ಅಲ್ಲಿ 40 ಚಿಕಿತ್ಸಾಲಯಗಳನ್ನು ಆಯ್ದು ಒಂದು ಅಧ್ಯಯನ ಮಾಡಿದರು. ಅರ್ಧ ಚಿಕಿತ್ಸಾಲಯಗಳಿಗೆ ತರಬೇತಿ ಪಡೆದ ನರ್ಸ್ ಬೋಧಕರು ತಾವೇ ಹೋದರು. ಯಾರನ್ನೂ ರಾಜಧಾನಿಯ ಹೋಟೆಲಿಗೆ ಕರೆಸಿ ಮೂರು ದಿನ ಸ್ಲೈಡ್ ತೋರಿಸಲಿಲ್ಲ. ಅಲ್ಲೇ, ಆ ಕೋಣೆಯಲ್ಲೇ, ಚಿತ್ರಗಳಿದ್ದ ಒಂದು ಮಾರ್ಗಸೂಚಿ ಹಿಡಿದು, ಅಲ್ಲಿಗೆ ಬರುವಂಥ ರೋಗಿಗಳ ಉದಾಹರಣೆಯನ್ನೇ ಇಟ್ಟುಕೊಂಡು ಕೆಲವು ಚಿಕ್ಕ ಪಾಠ ಮಾಡಿದರು. 2005ರಲ್ಲಿ ಫಲಿತಾಂಶ ಪ್ರಕಟವಾಯಿತು. ಪಾಠ ಸಿಕ್ಕಿದ ಕಡೆ ಕ್ಷಯ ಪತ್ತೆಯಾದದ್ದು ಉಳಿದ ಕಡೆಗಿಂತ ಒಂದೂವರೆ ಪಟ್ಟಿಗೂ ಹೆಚ್ಚು. ಹೊಸ ಯಂತ್ರ ಕೊಟ್ಟಿರಲಿಲ್ಲ, ಹೊಸ ವೈದ್ಯರನ್ನು ನೇಮಿಸಿರಲಿಲ್ಲ. ಬದಲಾದದ್ದು ನರ್ಸಿನ ತಿಳಿವಳಿಕೆ ಒಂದೇ.

ಅವರು ಅಲ್ಲಿಗೆ ನಿಲ್ಲಲಿಲ್ಲ. ಅದೇ ಮಾರ್ಗಸೂಚಿಗೆ ಎಚ್‌ಐವಿಯನ್ನೂ ಸೇರಿಸಿದರು. ಮುಂದೆ 31 ಚಿಕಿತ್ಸಾಲಯಗಳನ್ನು ಆಯ್ದು, ಅವುಗಳಲ್ಲಿ ಅರ್ಧದಷ್ಟರಲ್ಲಿ ಎಆರ್‌ಟಿಯನ್ನು ಆರಂಭಿಸುವ, ಮುಂದುವರಿಸುವ ಹೊಣೆಯನ್ನೇ ನರ್ಸುಗಳಿಗೆ ಕೊಟ್ಟು ನೋಡಿದರು. 2012ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂದ ಲೆಕ್ಕದಂತೆ, ನರ್ಸುಗಳ ಕೈಯಲ್ಲಿ ಸಾವು ಹೆಚ್ಚಾಗಲಿಲ್ಲ, ವೈರಾಣುವಿನ ಹತೋಟಿಯೂ ವೈದ್ಯರ ಕೈಯಲ್ಲಿ ಇದ್ದುದಕ್ಕಿಂತ ಕಡಿಮೆಯಾಗಲಿಲ್ಲ. ಅಷ್ಟರಲ್ಲಿ, 2010ರಲ್ಲೇ, ಆ ದೇಶ ನರ್ಸುಗಳೇ ಎಆರ್‌ಟಿ ಆರಂಭಿಸುವ ನೀತಿಯನ್ನು ಎಲ್ಲೆಡೆ ತಂದಾಗಿತ್ತು. ಇಂದು ಜಗತ್ತಿನಲ್ಲೇ ಅತಿ ದೊಡ್ಡದಾದ ಆ ಎಆರ್‌ಟಿ ಕಾರ್ಯಕ್ರಮ ನಿಂತಿರುವುದು ನರ್ಸುಗಳ ಹೆಗಲ ಮೇಲೆ. ನಮ್ಮಲ್ಲಿ ಎಆರ್‌ಟಿ ಬರೆಯುವ ಅಧಿಕಾರ ವೈದ್ಯರದು. ಆ ನಿಯಮ ಬದಲಾಗಬೇಕೋ ಬೇಡವೋ ಎಂಬ ಚರ್ಚೆ ನಡೆಯಲಿ. ನಿಮ್ಮ ತಿಳಿವಳಿಕೆ ಮಾತ್ರ ಆ ಚರ್ಚೆಗೆ ಕಾಯಬಾರದು.

ಕಲಿಯುವುದೇನು ಎಂದು ಕೇಳಿದರೆ, ಪಠ್ಯಪುಸ್ತಕದ ಅಧ್ಯಾಯದಲ್ಲಿ ಇಲ್ಲದ್ದು, ಇದ್ದರೂ ಪರೀಕ್ಷೆಗೆ ಬಾರದ್ದು ಬಹಳವಿದೆ. ಸಾಮಾನ್ಯರಿಗೆ ಎರಡು ವಾರ ಕೆಮ್ಮಿದ್ದರೆ ಕ್ಷಯದ ಪರೀಕ್ಷೆ ಎನ್ನುತ್ತೇವೆ. ಎಚ್‌ಐವಿ ಇರುವವರಿಗೆ ಎರಡು ವಾರ ಕಾಯುವ ಮಾತೇ ಇಲ್ಲ. ನಿನ್ನೆ ಶುರುವಾದ ಕೆಮ್ಮಿದ್ದರೂ, ಜ್ವರ, ರಾತ್ರಿ ಬೆವರು, ತೂಕ ಇಳಿತ ಇವುಗಳಲ್ಲಿ ಯಾವುದೊಂದಿದ್ದರೂ ಪರೀಕ್ಷೆಯಾಗಬೇಕು. ಪ್ರತಿ ಭೇಟಿಯಲ್ಲೂ ಈ ನಾಲ್ಕನ್ನೂ ಕೇಳಬೇಕು. ಕೇಳುವುದು ಯಾರ ಕೆಲಸ? ನಿಮ್ಮದು. ಸಿಡಿ4 ಕುಸಿದವರಲ್ಲಿ ಕ್ಷಯ ಶ್ವಾಸಕೋಶ ಬಿಟ್ಟು ದುಗ್ಧಗ್ರಂಥಿಯಲ್ಲೋ ಮೆದುಳಿನ ಪೊರೆಯಲ್ಲೋ ಕೂರಬಹುದು, ಕಫದಲ್ಲಿ ಏನೂ ಕಾಣದಿರಬಹುದು. ಎಆರ್‌ಟಿ ಆರಂಭಿಸಿದ ಕೆಲವೇ ವಾರಗಳಲ್ಲಿ, ರೋಗನಿರೋಧಕ ಶಕ್ತಿ ಮರಳುವ ಹೊತ್ತಿನಲ್ಲೇ, ಕೆಲವರಿಗೆ ಜ್ವರ ಏರಿ ಗಂಟುಗಳು ಊದಿಕೊಳ್ಳುತ್ತವೆ. ಇದನ್ನು ಮೊದಲೇ ಹೇಳದಿದ್ದರೆ ಈ ಮಾತ್ರೆಯೇ ನನ್ನನ್ನು ಕೊಲ್ಲುತ್ತಿದೆ ಎಂದುಕೊಂಡು ರೋಗಿ ಎಲ್ಲವನ್ನೂ ಬಿಟ್ಟುಬಿಡುತ್ತಾನೆ. ರಿಫಾಂಪಿಸಿನ್ ನುಂಗಿದ ಮೊದಲ ದಿನವೇ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ರಕ್ತ ಹೋಗುತ್ತಿದೆ ಎಂದು ಹೆದರಿದ ತಾಯಿಯೊಬ್ಬಳನ್ನು ಸಮಾಧಾನ ಮಾಡಲು ಒಂದೇ ವಾಕ್ಯ ಸಾಕು, ಆದರೆ ಅದನ್ನು ಹಿಂದಿನ ದಿನವೇ ಹೇಳಿರಬೇಕು. ಐಸೊನಿಯಾಜಿಡ್‌ನಿಂದ ಕಾಲು ಜೋಮು ಹಿಡಿದರೆ ಪಿರಿಡಾಕ್ಸಿನ್ ಬೇಕು. ಎಥಾಂಬ್ಯುಟಾಲ್ ತೆಗೆದುಕೊಳ್ಳುವವರಿಗೆ ಕೆಂಪು ಹಸಿರು ಬೇರೆ ಬೇರೆಯಾಗಿ ಕಾಣುತ್ತಿವೆಯೇ ಎಂದು ಕೇಳಬೇಕು.

ಕಫದ ಮಾದರಿಯ ಮಾತನ್ನೂ ಇಲ್ಲೇ ಹೇಳಿಬಿಡುತ್ತೇನೆ. ಲಕ್ಷಗಟ್ಟಲೆ ಬೆಲೆಯ ಯಂತ್ರ ಎಷ್ಟೇ ಚೆನ್ನಾಗಿದ್ದರೂ ಡಬ್ಬಿಯಲ್ಲಿ ಬರೀ ಜೊಲ್ಲಿದ್ದರೆ ಅದೇನು ಮಾಡೀತು? ಬಾಯಿ ಮುಕ್ಕಳಿಸಿ, ಬಯಲಿನಲ್ಲಿ ನಿಂತು, ಆಳವಾಗಿ ಉಸಿರೆಳೆದು ಎದೆಯಾಳದಿಂದ ಕೆಮ್ಮಿ ಕಫ ತೆಗೆಯುವುದನ್ನು ರೋಗಿಗೆ ಅಭಿನಯಿಸಿ ತೋರಿಸುವುದು ಒಂದು ವಿದ್ಯೆ. ನಾಚಿಕೆಯಿಲ್ಲದೆ ಮಾಡಿ ತೋರಿಸಿ. ಆ ಒಂದು ಡಬ್ಬಿಯ ಮೇಲೆ ಒಂದು ಮನೆಯ ಆರು ತಿಂಗಳು ನಿಂತಿರುತ್ತದೆ.

ಈಗ ಭಯದ ವಿಷಯಕ್ಕೆ ಬರೋಣ. ನಿಮ್ಮಲ್ಲಿ ಹಲವರಿಗೆ ಭಯವಿದೆ. ಇರುವುದು ತಪ್ಪಲ್ಲ. ನಿಮ್ಮ ಅಮ್ಮ ಫೋನಿನಲ್ಲಿ “ಆ ವಾರ್ಡಿಗೆ ನಿನ್ನನ್ನು ಹಾಕಬಾರದು ಅಂತ ಹೇಳು” ಎಂದಿರಬಹುದು. ಈ ಭಯವನ್ನು ಯಾರೂ ಕೂತು ಬಿಡಿಸದಿದ್ದಾಗ ಅದು ವಾರ್ಡಿನಲ್ಲಿ ಬೇರೆ ರೂಪ ತಾಳುತ್ತದೆ: ಮೂಲೆಯ ಮಂಚ, ಎಲ್ಲರಿಗೂ ಕಾಣುವಂತೆ ಫೈಲಿನ ಮೇಲೆ ಗುರುತು, ರಕ್ತದೊತ್ತಡ ನೋಡಲೂ ಎರಡೆರಡು ಗ್ಲೌಸ್, ಹೆಸರಿನ ಬದಲು “ಆ ಪೇಷೆಂಟ್” ಎಂಬ ಮಾತು. ರೋಗಿ ಇದನ್ನೆಲ್ಲ ನೋಡುತ್ತಿರುತ್ತಾರೆ. ಮುಂದಿನ ತಿಂಗಳು ಮಾತ್ರೆಗೆ ಬರುವುದಿಲ್ಲ.

ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯವರು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರ ಜೊತೆ ಸೇರಿ ಇದಕ್ಕೆಂದೇ ಒಂದು ಪ್ರಯೋಗ ಮಾಡಿದ್ದಾರೆ. ಅದರ ಹೆಸರು ದೃಷ್ಟಿ. ನರ್ಸಿಂಗ್ ವಿದ್ಯಾರ್ಥಿಗಳಿಗೂ ಆಸ್ಪತ್ರೆ ಸಿಬ್ಬಂದಿಗೂ ಟ್ಯಾಬ್ಲೆಟ್ ಪರದೆಯ ಮೇಲೆ ಎರಡು ಪಾಠ, ಆಮೇಲೆ ಎದುರುಬದುರು ಕೂತು ಒಂದು ಗುಂಪು ಪಾಠ. ಆ ಗುಂಪು ಪಾಠವನ್ನು ನಡೆಸುವವರಲ್ಲಿ ಎಚ್‌ಐವಿಯೊಂದಿಗೆ ಬದುಕುತ್ತಿರುವ ಒಬ್ಬರೂ ಇದ್ದರು. ಹಾಗೆ ಕಲಿತವರಲ್ಲಿ ಬಲವಂತದ ಪರೀಕ್ಷೆಯಂಥ ನೀತಿಗಳಿಗೆ ತಲೆಯಾಡಿಸುವುದೂ ರೋಗಿಯನ್ನು ಬೇರೆಯಾಗಿ ನಡೆಸಿಕೊಳ್ಳುವ ಮನಸ್ಸೂ ಕಡಿಮೆಯಾದದ್ದು ಕಂಡುಬಂತು. ಮೂರೇ ಪಾಠ! ನಿಮ್ಮ ಕಾಲೇಜಿನ ವೇಳಾಪಟ್ಟಿಯಲ್ಲಿ ಮೂರು ಪಾಠಕ್ಕೆ ಜಾಗವಿಲ್ಲವೇ? ಜಿಲ್ಲೆಯ ಎಚ್‌ಐವಿ ಸೋಂಕಿತರ ಸಂಘದಿಂದ, ಮಾತನಾಡಲು ಒಪ್ಪುವ ಒಬ್ಬರನ್ನು ಕರೆಸಿ ತರಗತಿಯಲ್ಲಿ ಕೂರಿಸಿ. ಅವರ ಮಾತು ಕೇಳಿದ ಒಂದು ಗಂಟೆ ನೂರು ಪುಟದ ನೋಟ್ಸ್ ಮಾಡದ ಕೆಲಸ ಮಾಡುತ್ತದೆ.

ಭಯ ಬಿಡಿಸುವುದೆಂದರೆ ಅಪಾಯವೇ ಇಲ್ಲ ಎಂದು ಪುಸಲಾಯಿಸುವುದಲ್ಲ. ಅಪಾಯವಿದೆ, ಅದರ ಅಳತೆ ತಿಳಿದಿರಬೇಕು. ಎಚ್‌ಐವಿ ಇರುವವರ ರಕ್ತ ತಾಗಿದ ಸೂಜಿ ಚುಚ್ಚಿದರೆ ಸೋಂಕು ತಗುಲುವ ಸಾಧ್ಯತೆ ಸುಮಾರು ಸಾವಿರಕ್ಕೆ ಮೂರು. ಹೆಪಟೈಟಿಸ್ ಬಿ ಅದಕ್ಕಿಂತ ಎಷ್ಟೋ ಪಟ್ಟು ಸುಲಭವಾಗಿ ಹರಡುತ್ತದೆ. ಹಾಗಾಗಿ ಕ್ಲಿನಿಕಲ್ ಪೋಸ್ಟಿಂಗ್‌ಗೆ ಹೋಗುವ ಮೊದಲೇ ಅದರ ಲಸಿಕೆಯ ಮೂರೂ ಡೋಸ್ ಆಗಿರಲಿ. ಸೂಜಿ ಚುಚ್ಚಿದರೆ ಬೆರಳನ್ನು ಹಿಂಡಬೇಡಿ, ಬಾಯಿಗಿಡಬೇಡಿ. ಸೋಪು ನೀರಿನಲ್ಲಿ ತೊಳೆದು ತಕ್ಷಣ ತಿಳಿಸಿ. ಸೋಂಕು ತಡೆಯುವ ಪಿಇಪಿ ಮಾತ್ರೆಯನ್ನು ಆದಷ್ಟು ಬೇಗ, ಸಾಧ್ಯವಾದರೆ ಎರಡು ಗಂಟೆಯೊಳಗೆ, ಏನೇ ಆದರೂ 72 ಗಂಟೆ ಮೀರದಂತೆ ಆರಂಭಿಸಿ 28 ದಿನ ತೆಗೆದುಕೊಳ್ಳಬೇಕು. ಮೇಡಂ ಬೈಯುತ್ತಾರೆಂದು ಸೂಜಿ ಚುಚ್ಚಿದ್ದನ್ನು ಮುಚ್ಚಿಟ್ಟು ರಾತ್ರಿಯೆಲ್ಲ ಹಾಸ್ಟೆಲಿನಲ್ಲಿ ಅಳುವ ಹುಡುಗಿಯರಿದ್ದಾರೆ. ಅವರು ಅಳುವ ಒಂದೊಂದು ಗಂಟೆಯೂ ಆ 72ರಿಂದ ಕಳೆದುಹೋಗುತ್ತಿರುತ್ತದೆ. ನಿಮ್ಮ ತರಗತಿಯಲ್ಲಿ ಯಾರಿಗೂ ಹಾಗಾಗದಂತೆ ನೋಡಿಕೊಳ್ಳಿ. 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ರೋಗಿಯ ಗುಟ್ಟು ಕಾಯುವುದು, ಒಪ್ಪಿಗೆಯಿಲ್ಲದೆ ಪರೀಕ್ಷಿಸದಿರುವುದು, ತಾರತಮ್ಯ ಮಾಡದಿರುವುದು ಆ ಕಾಯ್ದೆಯಂತೆ ಕರ್ತವ್ಯ. ಆಸ್ಪತ್ರೆಯಲ್ಲಿ ದುಡಿಯುವವರಿಗೆ ರಕ್ಷಣಾ ಸಾಮಗ್ರಿ, ಅದನ್ನು ಬಳಸುವ ತರಬೇತಿ, ಪಿಇಪಿ ಒದಗಿಸುವುದು ಅದೇ ಕಾಯ್ದೆಯಂತೆ ಸಂಸ್ಥೆಯ ಹೊಣೆ. ಎರಡನ್ನೂ ಓದಿಕೊಳ್ಳಿ.

ಕ್ಷಯದ ಅಪಾಯ ಇದಕ್ಕಿಂತ ಹತ್ತಿರದ್ದು, ಏಕೆಂದರೆ ಅದು ಗಾಳಿಯಲ್ಲಿದೆ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು ತನ್ನದೇ ನರ್ಸಿಂಗ್ ವಿದ್ಯಾರ್ಥಿಗಳನ್ನು ಪರೀಕ್ಷಿಸಿ 2011ರಲ್ಲಿ ಫಲಿತಾಂಶವನ್ನು ಬಹಿರಂಗವಾಗಿ ಪ್ರಕಟಿಸಿತು. ವರ್ಷಕ್ಕೆ ಶೇ 7.8ರಷ್ಟು ವಿದ್ಯಾರ್ಥಿಗಳಿಗೆ ಸೋಂಕು ತಗುಲುವ ಅಪಾಯ, ದೇಶದ ಸಾಮಾನ್ಯ ಅಂದಾಜಿನ ಸುಮಾರು ಐದು ಪಟ್ಟು. ಸೋಂಕು ತಗುಲಿದವರೆಲ್ಲ ರೋಗಿಗಳಾಗುವುದಿಲ್ಲ, ಅದು ಬೇರೆ ಮಾತು. ಆದರೂ ತನ್ನ ಮಕ್ಕಳ ಬಗ್ಗೆ ಹೀಗೆ ಅಳೆದು ಜಗತ್ತಿಗೆ ಹೇಳಿದ ಆ ಸಂಸ್ಥೆಯ ಎದೆಗಾರಿಕೆ ನಮ್ಮ ಕಾಲೇಜುಗಳಿಗೂ ಬರಲಿ. ಎನ್‌95 ಮಾಸ್ಕ್ ಮುಖಕ್ಕೆ ಸರಿಯಾಗಿ ಕೂತಿದೆಯೇ ಎಂದು ನೋಡಿಕೊಳ್ಳುವುದು, ಚಳಿಗಾಲದಲ್ಲೂ ವಾರ್ಡಿನ ಕಿಟಕಿಗಳನ್ನು ತೆರೆಸುವುದು, ಕೆಮ್ಮುವವರಿಗೆ ಮಾಸ್ಕ್ ಕೊಟ್ಟು ಸಾಲಿನಲ್ಲಿ ಮುಂದೆ ಕರೆಯುವುದು ದುಬಾರಿ ಕೆಲಸಗಳೇನಲ್ಲ.

ಒಂದು ಕಹಿ ಮಾತನ್ನು ಹೇಳಲೇಬೇಕು. ಮಾಡದ ಪ್ರೊಸೀಜರಿಗೆ ಲಾಗ್‌ಬುಕ್‌ನಲ್ಲಿ ಸಹಿ ಬೀಳುವ ಕಾಲೇಜುಗಳು ನಮ್ಮ ರಾಜ್ಯದಲ್ಲಿವೆ. ಎಲ್ಲವೂ ಹಾಗಲ್ಲ, ಆದರೆ ಇವೆ. ಹೆಸರಿಗೊಂದು ಆಸ್ಪತ್ರೆ, ಅದರಲ್ಲಿ ರೋಗಿಗಳೇ ಇಲ್ಲ. ವಾರ್ಡ್ ನೋಡದ ಬೋಧಕರು, ಬೋಧಕರನ್ನು ನೋಡದ ವಾರ್ಡ್. ಪ್ಲಾಸ್ಟಿಕ್ ತೋಳಿಗೆ ಸೂಜಿ ಹಾಕಿದ್ದೇ ಕೊನೆ. ಕರ್ನಾಟಕದಷ್ಟು ನರ್ಸಿಂಗ್ ಕಾಲೇಜುಗಳಿರುವ ರಾಜ್ಯಗಳು ದೇಶದಲ್ಲಿ ಕೆಲವೇ. ಕೇರಳದಿಂದ, ಈಶಾನ್ಯದಿಂದ, ಬಂಗಾಳದಿಂದ ಮಕ್ಕಳು ಹೊಲ ಅಡವಿಟ್ಟ ದುಡ್ಡು ತಂದು ಇಲ್ಲಿ ಓದುತ್ತಾರೆ. ಆ ದುಡ್ಡಿಗೆ ಸಿಗಬೇಕಾದದ್ದು ವಿದ್ಯೆ, ಬರೀ ಸರ್ಟಿಫಿಕೇಟಲ್ಲ. ಸುಳ್ಳು ಸಹಿಯಿರುವ ಪುಟವನ್ನು ನೀವಾಗಿ ಮುಂದೆ ಚಾಚಬೇಡಿ. “ಸರ್, ಇದನ್ನು ನಾನು ಮಾಡಿಲ್ಲ, ಮಾಡಿಸಿ, ಆಮೇಲೆ ಸಹಿ ಹಾಕಿ” ಎಂದು ಒಬ್ಬರು ಹೇಳಿದರೆ ಮೊಂಡುತನ ಎನ್ನುತ್ತಾರೆ. ಇಡೀ ತರಗತಿ ಹೇಳಿದರೆ ಪಾಠ ಶುರುವಾಗುತ್ತದೆ.

ಹೀಗೆ ಕೇಳುವ ಹಕ್ಕು ನಿಮಗೆ ಹೊಸದಾಗಿ ಬಂದದ್ದಲ್ಲ, ಈ ನೆಲದಲ್ಲಿ ನಿಮ್ಮಂಥವರ ದುಡಿಮೆಯೇ ಅದಕ್ಕೆ ಹಿನ್ನೆಲೆ. ಕ್ಷಯ ಎಂದರೆ ಸ್ಯಾನಿಟೋರಿಯಂ, ವರ್ಷಗಟ್ಟಲೆ ಮನೆ ಬಿಟ್ಟಿರುವುದು ಎಂದು ಜಗತ್ತೇ ನಂಬಿದ್ದಾಗ, 1956ರಲ್ಲಿ ಮದರಾಸಿನಲ್ಲಿ ಒಂದು ಪ್ರಯೋಗ ಆರಂಭವಾಯಿತು. ಕೆಲವರಿಗೆ ಸ್ಯಾನಿಟೋರಿಯಂನಲ್ಲಿ ಚಿಕಿತ್ಸೆ, ಕೆಲವರಿಗೆ ಅವರ ಇಕ್ಕಟ್ಟಿನ ಬಡ ಮನೆಯಲ್ಲೇ. 1959ರ ವರದಿಯಲ್ಲಿ ಕಂಡದ್ದು: ಮನೆಯಲ್ಲಿದ್ದವರೂ ಹೆಚ್ಚುಕಡಿಮೆ ಅಷ್ಟೇ ಗುಣವಾದರು, ಮನೆಯ ಉಳಿದವರಿಗೆ ಅದರಿಂದ ಹೆಚ್ಚಿನ ಅಪಾಯವಾಗಲಿಲ್ಲ. ಆ ಮನೆಗಳಿಗೆ ಹೋಗಿ ಬಂದು ಮಾತ್ರೆ ನುಂಗಿದ್ದನ್ನು ಖಚಿತಪಡಿಸಿಕೊಂಡ ಆರೋಗ್ಯ ಸಂದರ್ಶಕಿಯರ ಕಾಲ್ನಡಿಗೆಯಿಲ್ಲದೆ ಆ ಪ್ರಯೋಗ ನಡೆಯುತ್ತಿರಲಿಲ್ಲ. ಅದೇ 1959ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಹುಟ್ಟಿತು. 1962ರ ರಾಷ್ಟ್ರೀಯ ಕ್ಷಯ ನಿಯಂತ್ರಣ ಕಾರ್ಯಕ್ರಮದ ಬುನಾದಿ ಬಿದ್ದದ್ದು ಬಳ್ಳಾರಿ ರಸ್ತೆಯ ಆ ಆವರಣದಲ್ಲೇ. ನಿಮ್ಮ ಕಾಲೇಜು ಬೆಂಗಳೂರಿನಲ್ಲಿದ್ದೂ ನೀವು ಅಲ್ಲಿಗೆ ಕಾಲಿಟ್ಟಿಲ್ಲದಿದ್ದರೆ ಈ ವರ್ಷ ಹೋಗಿ ಬನ್ನಿ. ಮೈಸೂರಿನವರಾದರೆ ಕ್ಷಯದಿಂದ ತೀರಿಹೋದ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ಹೆಸರಿನ ಪಿಕೆಟಿಬಿ ಆಸ್ಪತ್ರೆ ಹತ್ತಿರದಲ್ಲೇ ಇದೆ. ಅರಮನೆಯನ್ನೂ ಬಿಡದ ರೋಗ ಇದು.

ಅರಮನೆಯನ್ನು ಬಿಡಲಿಲ್ಲ, ಆದರೆ ಅದರ ಬೀಡು ಹಸಿದ ಮನೆ. ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಅನುರಾಗ್ ಭಾರ್ಗವ, ಮಾಧವಿ ಭಾರ್ಗವ ದಂಪತಿ ಮುಂದಾಳಾಗಿ ಜಾರ್ಖಂಡಿನಲ್ಲಿ ನಡೆಸಿದ ಅಧ್ಯಯನ 2023ರಲ್ಲಿ ಪ್ರಕಟವಾಯಿತು. ಕ್ಷಯವಿರುವವರ ಮನೆಮಂದಿಗೆ ದವಸ ಧಾನ್ಯ ಕೊಟ್ಟಾಗ ಅವರಲ್ಲಿ ಹೊಸದಾಗಿ ಕ್ಷಯ ಬರುವುದು ಸುಮಾರು ಶೇ 40ರಷ್ಟು ಇಳಿಯಿತು. ಚಿಕಿತ್ಸೆಯ ಮೊದಲ ಎರಡು ತಿಂಗಳಲ್ಲಿ ತೂಕ ಶೇ 5ರಷ್ಟು ಏರಿದ ರೋಗಿಗಳಲ್ಲಿ ಸಾವಿನ ಅಪಾಯ ಶೇ 61ರಷ್ಟು ಕಡಿಮೆಯಿತ್ತು. 40 ಕೆ.ಜಿ. ತೂಗುವವರಿಗೆ ಅದು ಎರಡೇ ಕೆ.ಜಿ. ವಾರ್ಡಿನ ಮೂಲೆಯಲ್ಲಿ ಧೂಳು ಹಿಡಿದಿರುವ ತೂಕದ ಯಂತ್ರ ಏನು ಹೇಳುತ್ತಿದೆ ಎಂದು ಈಗ ನೋಡಿ. ಪ್ರತಿ ಭೇಟಿಯಲ್ಲೂ ತೂಗಿ, ಬರೆಯಿರಿ, ಹಿಂದಿನ ತಿಂಗಳಿನ ಜೊತೆ ಹೋಲಿಸಿ, ಏರದಿದ್ದರೆ ವೈದ್ಯರ ಬೆನ್ನು ಹತ್ತಿ. ನಿಕ್ಷಯ್ ಪೋಷಣ್ ಯೋಜನೆಯ ಹಣ 2024ರ ನವೆಂಬರ್‌ನಿಂದ ತಿಂಗಳಿಗೆ 1000 ರೂಪಾಯಿ ಆಗಿದೆ. ಅದು ಅವರ ಖಾತೆಗೆ ಬಂತೇ ಎಂದು ಕೇಳುವುದೂ ಶುಶ್ರೂಷೆಯೇ.

ಕೇಳಲು ಅವರ ಮಾತು ಬರಬೇಕು. ಕಲಬುರಗಿಯ ವಾರ್ಡಿನಲ್ಲಿ “ಗುಳಿಗಿ ತಗೊಂಡ್ರ ಹೊಟ್ಟಿ ತೊಳಸ್ದಂಗ ಆಗ್ತೈತ್ರಿ ಸಿಸ್ಟರ್” ಎಂದವರಿಗೆ ಪರೀಕ್ಷೆಗೆ ಬರೆದ ಇಂಗ್ಲಿಷಿನಲ್ಲಿ ಉತ್ತರ ಕೊಟ್ಟರೆ ಪ್ರಯೋಜನವಿಲ್ಲ. ಬೇರೆ ರಾಜ್ಯದಿಂದ ಬಂದ ಸಹಪಾಠಿಗೆ ಕನ್ನಡದ ಸಹಪಾಠಿ ದಿನಕ್ಕೆ ಹತ್ತು ಮಾತು ಕಲಿಸಲಿ. ರೋಗಿಗೂ ಒಳ್ಳೆಯದು, ಗೆಳೆತನಕ್ಕೂ ಒಳ್ಳೆಯದು.

ಬೋಧಕರಿಗೂ ಆಡಳಿತ ಮಂಡಳಿಗಳಿಗೂ ಹೇಳುವುದು ಬಹಳವಿದ್ದರೂ ಒಂದನ್ನೇ ಹೇಳುತ್ತೇನೆ. ವಾರಕ್ಕೆ ಒಂದು ದಿನವಾದರೂ ನರ್ಸಿಂಗ್ ಬೋಧಕರು ಎಆರ್‌ಟಿ ಕೇಂದ್ರದಲ್ಲೋ ಕ್ಷಯ ಘಟಕದಲ್ಲೋ ಕೈಯಾರೆ ಕೆಲಸ ಮಾಡಲಿ, ಅಲ್ಲಿನ ಅನುಭವಿ ಶುಶ್ರೂಷಾಧಿಕಾರಿಗಳು ತರಗತಿಗೆ ಬಂದು ಪಾಠ ಹೇಳಲಿ. ಮಾರ್ಗಸೂಚಿ ಬದಲಾಗುವ ವೇಗಕ್ಕೆ ಪಠ್ಯಪುಸ್ತಕ ಎಂದೂ ಸಮನಾಗದು.

ಗೆಳೆಯರೇ, ನಿಮ್ಮಲ್ಲಿ ಕೆಲವರು ದುಬೈಗೆ, ಲಂಡನ್ನಿಗೆ ಹೋಗುತ್ತೀರಿ. ಹೋಗಿ ಬನ್ನಿ, ಮನೆಯ ಸಾಲ ತೀರಲಿ. ಕೆಲವರು ಜಿಲ್ಲಾಸ್ಪತ್ರೆ ಸೇರುತ್ತೀರಿ. ಇನ್ನು ಕೆಲವರು ಸಮುದಾಯ ಆರೋಗ್ಯ ಅಧಿಕಾರಿಯಾಗಿ ಹಳ್ಳಿಯ ಆಯುಷ್ಮಾನ್ ಆರೋಗ್ಯ ಮಂದಿರದಲ್ಲಿ ಕೂರುತ್ತೀರಿ. ಅಲ್ಲಿ ಪಕ್ಕದ ಕೋಣೆಯಲ್ಲಿ ಕೇಳಲು ವೈದ್ಯರಿರುವುದಿಲ್ಲ. ಹತ್ತಿಯ ಹೊಲದಿಂದ, ಕಲ್ಲಿನ ಕ್ವಾರಿಯಿಂದ ಕೆಮ್ಮುತ್ತ ಬಂದವರ ಎದುರು ಮೊದಲು ಕೂರುವವರು ನೀವು. ಕೆಮ್ಮಿನ ಸಿರಪ್ ಕೊಟ್ಟು ಕಳಿಸುವುದೋ, ಕಫ ತೆಗೆಸಿ ಅಂದೇ ಪರೀಕ್ಷೆಗೆ ಕಳಿಸಿ ಎಚ್‌ಐವಿ ಪರೀಕ್ಷೆಯ ಬಗ್ಗೆಯೂ ಮಾತಾಡುವುದೋ, ತೀರ್ಮಾನ ನಿಮ್ಮದು. ಆ ದಿನಕ್ಕೆ ಈಗಿನಿಂದಲೇ ಸಿದ್ಧರಾಗಿ.

ಮುಂದಿನ ಸೆಮಿಸ್ಟರಿನ ಪೋಸ್ಟಿಂಗ್ ಪಟ್ಟಿ ನೋಟಿಸ್ ಬೋರ್ಡಿಗೆ ಬೀಳುವ ಮೊದಲೇ ಇಡೀ ತರಗತಿ ಸಹಿ ಹಾಕಿ ಪ್ರಾಂಶುಪಾಲರಿಗೆ ಒಂದು ಅರ್ಜಿ ಕೊಡಿ. ಎರಡು ವಾರ ಎಆರ್‌ಟಿ ಕೇಂದ್ರದಲ್ಲಿ, ಎರಡು ವಾರ ಜಿಲ್ಲಾ ಕ್ಷಯರೋಗ ಕೇಂದ್ರದಲ್ಲಿ ಪೋಸ್ಟಿಂಗ್ ಬೇಕು, ಅದಕ್ಕೆ ಮುಂಚೆ ಹೆಪಟೈಟಿಸ್ ಬಿ ಲಸಿಕೆ ಆಗಬೇಕು, ಎನ್‌95 ಹಾಕಿ ಪರೀಕ್ಷಿಸಬೇಕು, ಸೂಜಿ ಚುಚ್ಚಿದರೆ ಹಗಲಿರಲಿ ರಾತ್ರಿಯಿರಲಿ ಯಾರಿಗೆ ಫೋನ್ ಮಾಡಬೇಕೆಂದು ಹಾಸ್ಟೆಲಿನ ಗೋಡೆಯ ಮೇಲೆ ಬರೆಸಬೇಕು ಎಂದು ಕೇಳಿ. ಅರ್ಜಿಯ ಒಂದು ಪ್ರತಿಯನ್ನು ಇಟ್ಟುಕೊಳ್ಳಿ, ಸ್ವೀಕೃತಿಯ ಸೀಲು ಹಾಕಿಸಿ. ಹದಿನೈದು ದಿನದಲ್ಲಿ ಉತ್ತರ ಬಾರದಿದ್ದರೆ ಮತ್ತೆ ಹೋಗಿ, ಇನ್ನೊಂದು ತರಗತಿಯವರನ್ನೂ ಜೊತೆಗೆ ಕರೆದುಕೊಂಡು ಹೋಗಿ.